ಒಂದೇ ಮಗ್ಗದ ಎರಡು ಸೀರೆ

ಆ ಮನೆಯಲ್ಲಿ ಸೊಸೆಯರಿಗೆ ಬೇರೆ ಬೇರೆ ಸೀರೆ ತರುವ ಪದ್ಧತಿಯಿರಲಿಲ್ಲ. ಅತ್ತೆ ಪಾಲಮ್ಮ ಮೊಳಕಾಲ್ಮೂರಿಗೆ ಹೋದರೆ ಒಂದೇ ಮಗ್ಗದಲ್ಲಿ ನೇಯ್ದ, ಒಂದೇ ಬಣ್ಣದ, ಒಂದೇ ಅಂಚಿನ ಎರಡು ಸೀರೆ ತರುತ್ತಿದ್ದಳು. "ಒಬ್ಳ ಸೆರಗು ಇನ್ನೊಬ್ಳ ಕಣ್ಣಿಗೆ ಚುಚ್ಚಬಾರ್ದು" ಎನ್ನುತ್ತಿದ್ದಳು.

ಎಂ.ಟೆಕ್ ಸೀಟು ಮಾತ್ರ ಒಂದೇ ಬಂತು. ಮಾಹಿತಿ ಸುರಕ್ಷತೆ ಕಲಿಸುವ, ಶನಿವಾರ ಭಾನುವಾರಗಳ ಕೋರ್ಸು. ಇಬ್ಬರು ಸೊಸೆಯರೂ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು, ಇಬ್ಬರೂ ಅರ್ಜಿ ಹಾಕಿದ್ದರು. ಸೀಟು ಕಿರಿಯಳು ಸರಿತಾಳಿಗೆ ಸಿಕ್ಕಿತು. ಹಿರಿಯಳು ಸ್ವಪ್ನಳ ಹೆಸರು ವೇಟಿಂಗ್ ಲಿಸ್ಟಿನಲ್ಲಿ ಉಳಿಯಿತು. ಸರಿತಾಳಿಗೆ ಪಾಠ ಹೇಳುವ ಕೆಲಸ ಕೊಡಿಸಿದ್ದೇ ಸ್ವಪ್ನ. ಅದನ್ನು ಈಗ ಯಾರೂ ನೆನೆಯುತ್ತಿರಲಿಲ್ಲ.

"ಅಕ್ಕ, ಯಾವ ಪೇಪರ್ ಮೊದ್ಲು ತಗೊಳ್ಲಿ?"

ಸ್ವಪ್ನ ಶೇಂಗಾ ಸುಲಿಯುತ್ತಿದ್ದಳು. ಗುಟ್ಟಿಗೆ ಬೀಗ ಹಾಕುವ ಕ್ರಿಪ್ಟಾಗ್ರಫಿ ನಿಂತಿರುವುದೇ ಲೆಕ್ಕದ ಮೇಲೆ, ಲೆಕ್ಕದ ಪೇಪರು ಮೊದಲು ಮುಗಿಯಬೇಕು ಎಂದು ಅವಳಿಗೆ ಗೊತ್ತಿತ್ತು. ಮೊದಲ ಸೆಮಿಸ್ಟರಿನಲ್ಲಿ ಫೇಲಾದವರ ಸೀಟು ಹೋಗುತ್ತದೆಂಬುದೂ ಗೊತ್ತಿತ್ತು.

"ಕ್ರಿಪ್ಟಾಗ್ರಫಿ ಮೊದ್ಲು ಮುಗಿಸ್ಕೋ. ಜೊತೆಗೆ ನೆಟ್‌ವರ್ಕ್ ಸೆಕ್ಯುರಿಟಿ. ಲೆಕ್ಕ ಕೊನೆಗಿರ್ಲಿ, ಅದೇನು ಓಡಿಹೋಗಲ್ಲ."

"ಎರಡೂ ಒಟ್ಟಿಗೆ ತಡ್ಕೊಂತೀನಾ?"

"ಸೀಟು ಗಿಟ್ಟಿಸ್ದೋಳಿಗೆ ಇದ್ಯಾವ ಮಹಾ."

ಸರಿತಾ ನಕ್ಕಳು. ಅವಳು ಹಾಗೆ ನಂಬಿ ನಗುವುದನ್ನೂ ಸ್ವಪ್ನಳಿಗೆ ಸಹಿಸಲಾಗಲಿಲ್ಲ.

ಶನಿವಾರ ಹೆಸರು ನೋಂದಾಯಿಸಲು ದಾವಣಗೆರೆಗೆ ಹೋದ ಸರಿತಾ ಸಂಜೆ ಬಸ್ಸಿಳಿದು ಬಂದವಳೇ ಸ್ವಪ್ನಳ ಬಾಯಿಗೆ ಪೇಡ ತುರುಕಿದಳು.

"ಯಾರೋ ಸೀಟು ಬಿಟ್ರಂತೆ, ನಿನ್ ಹೆಸ್ರು ಬಂದೈತೆ. ಇವತ್ತೇ ಕೊನೆ ಅಂದ್ರು. ನಿನ್ ಫೋನ್ ಸಿಗ್ಲಿಲ್ಲ, ನಾನೇ ಸೇರಿಸ್ಬಿಟ್ಟೆ. ಪೇಪರ್‌ಗಳೂ ನಂದೇ ಥರ ಬರ್ಸಿದೆ. ಅತ್ತೆ ಸೀರೆ ತರ್ತಾಳಲ್ಲ ಹಂಗೆ, ಇಬ್ರಿಗೂ ಒಂದೇ."

"ಈಗ ನೋಡು, ಮನೆ ಮನೆಯಂಗಾತು" ಎಂದಳು ಪಾಲಮ್ಮ ಒಳಗಿನಿಂದ.

ಸ್ವಪ್ನ ಪೇಡವನ್ನು ಅರ್ಧ ಅಗಿದು ನಿಲ್ಲಿಸಿದಳು. ತಾನು ಲೆಕ್ಕ ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಪೇಪರ್ ಬದ್ಲಾಯಿಸ್ಬೋದಾ?"

"ಸೋಮವಾರ ತನಕ ಬಿಡ್ತಾರೆ. ಯಾಕೆ?"

"ನಂಗೆ ಲೆಕ್ಕ ಮೊದ್ಲಿರ್ಲಿ. ಅದಿಲ್ದೆ ಕ್ರಿಪ್ಟಾಗ್ರಫಿ ತಲೆಗೆ ಹತ್ತಲ್ಲ."

ಹೇಳಿಯಾದ ಮೇಲೆ ಸ್ವಪ್ನಳಿಗೆ ತನ್ನ ಮಾತು ತನಗೇ ಕೇಳಿಸಿತು. ಚಪ್ಪಲಿ ಬಿಡುತ್ತಿದ್ದ ಸರಿತಾ ಬಗ್ಗಿದಲ್ಲೇ ತಲೆಯೆತ್ತಿದಳು.

"ನಂಗೆ ಹತ್ತುತ್ತಿತ್ತಾ ಅಕ್ಕ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪೇಡದ ಪೊಟ್ಟಣವನ್ನು ಗೂಡಿನಲ್ಲಿಟ್ಟು ಒಳಗೆ ಹೋದಳು. ಎಷ್ಟು ಬೇಗ ಅರ್ಥಮಾಡಿಕೊಂಡಳಲ್ಲ ಎಂದು ಸ್ವಪ್ನಳಿಗೆ ಆ ಹೊತ್ತಿನಲ್ಲೂ ಹೊಟ್ಟೆ ಉರಿಯಿತು.