ಮೂರನೇ ಪಟ್ಟಿ

"ನೀವು ಬೇಡ ಅಂತ ಬರೆದುಕೊಟ್ಟದ್ದಕ್ಕೇ ಅಲ್ವಾ ವಸಂತಣ್ಣ, ಆ ಜಾಗ ನನಗೆ ಸಿಕ್ಕಿದ್ದು!" ಎನ್ನುತ್ತ ಅಕ್ಷಿತ್ ಪೇಡೆಯ ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟು ವಸಂತಕುಮಾರನ ಕಾಲಿಗೆ ಬಗ್ಗಿದ.

ಚಹಾದ ಟ್ರೇ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಸ್ವರ್ಣಲತಾ ಬಾಗಿಲಲ್ಲೇ ನಿಂತಳು. ಅಕ್ಷಿತ್ ಗಂಡನ ರೆಜಿಮೆಂಟಿನವನೇ, ಕಾರ್ಕಳದ ಕಡೆಯ ಹುಡುಗ, ಸರ್ವಿಸಿನಲ್ಲಿ ಗಂಡನಿಗಿಂತ ಕಿರಿಯ. ರಜೆಯಲ್ಲಿ ಊರಿಗೆ ಹೊರಟವನು ಕಲ್ಯಾಣದಲ್ಲಿ ಇಳಿದು, ಲೋಕಲ್ ಹಿಡಿದು ಡೊಂಬಿವಲಿಗೆ ಬಂದಿದ್ದ. ತಾನು ಹವಾಲ್ದಾರನಾದೆ ಎಂದು ಹೇಳಲು ಬಂದ ಆ ಪುಣ್ಯಾತ್ಮ ಅಷ್ಟನ್ನೇ ಹೇಳಿ ಹೋಗಿದ್ದರೆ ಏನು ಗಂಟು ಹೋಗುತ್ತಿತ್ತು?

ವಸಂತಕುಮಾರ ಹೆಂಡತಿಯ ಮುಖ ನೋಡಲಿಲ್ಲ. ಅಕ್ಷಿತ್ ಮಾತ್ರ ಇಬ್ಬರನ್ನೂ ನೋಡಿದ. ತಾನು ಏನು ಮಾಡಿಬಿಟ್ಟೆ ಎಂದು ಹೊಳೆದದ್ದೇ ತಡ, ಸುಡುಸುಡು ಚಹಾವನ್ನು ಗಟಗಟ ಕುಡಿದು, "ಟ್ರೇನಿಗೆ ಟೈಮಾಯ್ತು ಅತ್ತಿಗೆ" ಎಂದು ಬ್ಯಾಗು ಹೆಗಲಿಗೇರಿಸಿ ಓಟ ಕಿತ್ತ.

ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಗುವವರೆಗೆ ಸ್ವರ್ಣಲತಾ ಕಾದಳು. ಇದು ಅವಳ ಅಣ್ಣ ರಂಜನನ ಮನೆ. ಸಾನಪಾಡಾದಲ್ಲಿ ಅವನಿಗೆ ಹೋಟೆಲು. ಒಳಗಿನ ಕೋಣೆಯಲ್ಲಿ ಅವನ ಹೆಂಡತಿ ಪ್ರಣೀತಾ ಏಸಿ ಹಾಕಿಕೊಂಡು ಮಲಗಿದ್ದಳು. ಇಲ್ಲಿ ಜಗಳವನ್ನೂ ದನಿ ತಗ್ಗಿಸಿಯೇ ಆಡಬೇಕು. ಮಗಳ ಜೊತೆ ಇಲ್ಲಿ ಕಳೆದ ಆರು ವರ್ಷಗಳಲ್ಲಿ ಸ್ವರ್ಣಲತಾ ಆ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದಳು.

"ಪ್ರಮೋಷನ್ ಬೇಡ ಅಂದ್ರಾ?"

"ಹೂಂ."

"ನನ್ನನ್ನು ಒಂದು ಮಾತು ಕೇಳ್ಬೇಕು ಅಂತ ಕಾಣ್ಲಿಲ್ವಾ?"

"ಕೇಳಿದ್ರೆ ನೀನು ಬಿಡ್ತಿದ್ಯಾ?"

ಸೈನ್ಯದ ಸಂಬಳದ ಲೆಕ್ಕ ಸ್ವರ್ಣಲತಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಸಂಬಳ ಏರುವುದು ತೋಳಿನ ಪಟ್ಟಿಯಿಂದ, ಇಲ್ಲವೇ ಸವೆಸಿದ ವರ್ಷಗಳಿಂದ. ವಸಂತಕುಮಾರನಂಥ ಎರಡು ಪಟ್ಟಿಯ ನಾಯಕನಿಗೆ ಮೂರನೆಯದು ಬಂದರೆ ಹವಾಲ್ದಾರ. ಖಾಲಿ ಜಾಗವಿಲ್ಲದೆ ಮೂರನೆಯದು ಬರದಿದ್ದರೂ, ಹದಿನಾರು ವರ್ಷ ತುಂಬಿದಾಗ ಹವಾಲ್ದಾರನ ಸಂಬಳ ತಾನಾಗಿ ಬರುತ್ತದೆ. ಆದರೆ ಕೊಟ್ಟ ಪಟ್ಟಿಯನ್ನು ಬೇಡವೆಂದವನಿಗೆ ಅದೂ ಇಲ್ಲ. ಮೇಲಿಂದ ನಾಯಕ ಹವಾಲ್ದಾರನಿಗಿಂತ ಮೊದಲೇ ಪೆಟ್ಟಿಗೆ ಕಟ್ಟಿ ನಿವೃತ್ತನಾಗಬೇಕು. ಪಿಂಚಣಿಯೂ ಅಷ್ಟಕ್ಕಷ್ಟೆ.

ಮನೆ ಸಾಲಕ್ಕೆಂದು ಹೋದಾಗ ಇವೆರಡನ್ನೇ ಬ್ಯಾಂಕಿನವನೂ ಕೇಳಿದ್ದ, ಎಷ್ಟು ಬರುತ್ತದೆ, ಎಷ್ಟು ವರ್ಷ ಬರುತ್ತದೆ ಎಂದು. "ಹವಾಲ್ದಾರ್ ಆದ್ಮೇಲೆ ಬನ್ನಿ ಮೇಡಂ" ಎಂದಿದ್ದ. ಕಲ್ಯಾಣದಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು ನೋಡಿಟ್ಟಿದ್ದಳು. ಸೀವುಡ್ಸಿನ ಆಫೀಸಿನಲ್ಲಿ ತಾನು ದುಡಿದದ್ದನ್ನು ಬುಕಿಂಗಿಗೆ ಸುರಿದಿದ್ದಳು. ಅಡುಗೆಮನೆಯ ಕಿಟಕಿಗೆ ಯಾವ ಪರದೆ ಎಂಬುದು ಕೂಡ ಅವಳ ತಲೆಯಲ್ಲಿ ತೀರ್ಮಾನವಾಗಿತ್ತು.

"ವಾಪಸ್ ತಗೊಳ್ಳಿ" ಎಂದಳು.

"ಆಗುದಿಲ್ಲ. ಆ ಜಾಗ ಅಕ್ಷಿತನಿಗೆ ಹೋಯ್ತಲ್ಲ."

"ಅವನಿಗೆ ದಾನ ಮಾಡ್ಲಿಕ್ಕೆ ಅದು ನಿಮ್ಮೊಬ್ರದ್ದಾ?"

"ದಾನ ಅಲ್ಲ ಮಾರಾಯ್ತಿ." ವಸಂತಕುಮಾರ ಮೊದಲ ಬಾರಿಗೆ ತಲೆಯೆತ್ತಿದ. "ಹವಾಲ್ದಾರ್ ಅಂದ್ರೆ ಇನ್ನೂ ಅಷ್ಟು ವರ್ಷ ಮೇಲೆ ಗಡಿಯಲ್ಲೇ ಇರ್ಬೇಕು. ಮೊನ್ನೆ ರಜೆಯಲ್ಲಿ ಬಂದಾಗ ನಮ್ಮ ಅಶ್ಮಿತಾ ನನ್ನನ್ನು ಏನು ಕೇಳಿದ್ಳು ಗೊತ್ತುಂಟಾ? 'ಪಾಪಾ, ಆಪ್ ಕಬ್ ತಕ್ ಹೋ?' ಎಷ್ಟು ದಿನ ಇರ್ತೀರಿ ಅಂತ, ಲಾಡ್ಜಿಗೆ ಬಂದವನನ್ನು ಕೇಳಿದ ಹಾಗೆ! ನನಗೆ ಸಾಕಾಯ್ತು. ಮನೆಗೆ ಬರ್ಬೇಕು ನನಗೆ."

"ಯಾವ ಮನೆಗೆ?"

ಅಕ್ಷಿತ್ ಕುಡಿದಿಟ್ಟ ಲೋಟವನ್ನು ಅವನು ಟ್ರೇಗೆ ಎತ್ತಿಟ್ಟ.

"ಹೇಳಿ, ಯಾವ ಮನೆಗೆ? ಇದು ರಂಜಣ್ಣನ ಹಾಲ್. ಅವರ ಟಿವಿ ಆಫ್ ಆದ್ಮೇಲೆ ನಾನೂ ಮಗಳೂ ಹಾಸಿಗೆ ಹಾಸ್ಬೇಕು. ಅವರು ಏಳುವ ಮೊದಲು ಮಡಚ್ಬೇಕು. ಇಲ್ಲಿಗೆ ಬರ್ತೀರಾ ನೀವು? ಎಲ್ಲಿ ಮಲಗ್ತೀರಿ, ಶೂ ರ‍್ಯಾಕಿನ ಮೇಲಾ?"

"ನಾಲಿಗೆ ಬಿಗಿ ಹಿಡಿ. ಬಂಕರಿನಲ್ಲಿ ನಾನು ಹೇಗೆ ಮಲಗಿದ್ದೆ ಅಂತ ನೀನು ನೋಡಿದ್ಯಾ?"

"ಈ ಹಾಲಿನಲ್ಲಿ ನಾನು ಹೇಗೆ ಮಲಗಿದ್ದೆ ಅಂತ ನೀವು ನೋಡಿದ್ರಾ? ನೀವು ರಜೆಯಲ್ಲಿ ಬಂದಾಗ ಅತ್ತಿಗೆ ನಗ್ತಾರೆ, ಕೋಳಿ ಸುಕ್ಕ ಮಾಡ್ತಾರೆ. ನೀವು ರೈಲು ಹತ್ತಿದ ಮರುದಿನ ಅವರ ಮುಖ ನೋಡ್ಬೇಕು! ನಿಮಗೆ ಬೇಸರ ಬಂದದ್ದಕ್ಕೆ ನಮ್ಮ ತಲೆ ಮೇಲಿನ ಸೂರು ಕೊಟ್ಟು ಬಂದ್ರಲ್ಲ."

ಅವನ ಕೈ ಮೇಲೆದ್ದಿತು. ಹೊಡೆಯಲಿಕ್ಕೋ, ಸಾಕು ಎನ್ನಲಿಕ್ಕೋ ಅವನಿಗೇ ತಿಳಿದಂತಿರಲಿಲ್ಲ. ಸ್ವರ್ಣಲತಾ ಹಿಂದೆ ಸರಿಯಲಿಲ್ಲ. ಹದಿಮೂರು ವರ್ಷದ ದಾಂಪತ್ಯದಲ್ಲಿ ಈ ಗಂಡಸನ್ನು ಇಷ್ಟು ದ್ವೇಷಿಸಿದ ಗಳಿಗೆ ಅವಳಿಗೆ ನೆನಪಿರಲಿಲ್ಲ. ಸತ್ತು ಬಂದಿದ್ದರೆ ಪೂರ್ತಿ ಪಿಂಚಣಿಯಾದರೂ ಸಿಗುತ್ತಿತ್ತು ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂತು. ಅದನ್ನು ನುಂಗಿಕೊಂಡಳು. ನುಂಗಿದ್ದು ಅವನಿಗೂ ಕಂಡಿರಬೇಕು, ಕೈ ಇಳಿಸಿದ.

ಆಗಲೇ ಕೋಣೆಯ ಬಾಗಿಲು ತೆರೆಯಿತು.

"ಯಾರು ಬಂದಿದ್ರು? ನನಗೆ ಹವಾಲ್ದಾರ್ ಹವಾಲ್ದಾರ್ ಅಂತ ಕೇಳಿಸ್ತು." ಪ್ರಣೀತಾ ಕೂದಲು ಕಟ್ಟಿಕೊಳ್ಳುತ್ತ ಬಂದಳು. ಡಬ್ಬಿ ಕಂಡದ್ದೇ ಅವಳ ಮುಖ ಅರಳಿತು. "ಅರೇ ವ್ಹಾ, ಪೇಡಾ! ವಸಂತಣ್ಣ, ಆಗಿಬಿಡ್ತಾ ಪ್ರಮೋಷನ್?"

ವಸಂತಕುಮಾರ ಬಾಯಿ ತೆರೆದ. ನಿಜವನ್ನೇ ಹೇಳುವವನಿದ್ದ, ಅಷ್ಟರಮಟ್ಟಿಗೆ ಪ್ರಾಮಾಣಿಕ. ಹೇಳಿದರೆ ಸಂಜೆಯೊಳಗೆ ಸಾನಪಾಡಾದ ಹೋಟೆಲಿನ ಗಲ್ಲಾದವರೆಗೆ ಸುದ್ದಿ ಹೋಗುತ್ತದೆ. ನಾಳೆಯಿಂದ ಪ್ರಣೀತಾಳ ಪ್ರತಿ ಮಾತಿನಲ್ಲೂ ಕನಿಕರ ಸುರಿಯುತ್ತದೆ. ಬೈಗುಳವನ್ನಾದರೂ ತಡೆದುಕೊಂಡಾಳು ಸ್ವರ್ಣಲತಾ, ಆ ಹೆಂಗಸಿನ ಕನಿಕರ ಅವಳಿಂದ ಸಾಧ್ಯವಿರಲಿಲ್ಲ.

"ಹೂಂ ಅತ್ತಿಗೆ, ಆಯ್ತು" ಎಂದಳು. "ತಗೊಳ್ಳಿ."

ಗಂಡ ಅವಳನ್ನೇ ನೋಡಿದ. ಅವಳು ಡಬ್ಬಿಯಿಂದ ಒಂದು ಪೇಡೆ ತೆಗೆದು ಅವನ ಅಂಗೈಯಲ್ಲಿಟ್ಟಳು. "ನೀವೂ ತಿನ್ನಿ."

"ಕಾಂಗ್ರ್ಯಾಟ್ಸ್, ವಸಂತಣ್ಣ! ಅಂದ್ರೆ ಈಗ ಲೋನ್ ಪಕ್ಕಾ, ಅಲ್ವಾ? ದೀವಾಳಿವರೆಗೆ ಕಲ್ಯಾಣಕ್ಕೆ ಶಿಫ್ಟ್ ಆಗಬಹುದಲ್ಲ ನೀವು? ನೀವು ಹೋಗ್ತೀರಿ ಅಂತ ಬೇಜಾರೇ, ಪಣ್ ಕಾಯ್ ಕರಣಾರ್, ಏನು ಮಾಡೋದು!" ಪ್ರಣೀತಾ ಪೇಡೆ ಅಗಿಯುತ್ತಲೇ ಟಿವಿಯ ಕೆಳಗಿನ ಡ್ರಾಯರ್ ತಡಕಾಡಿದಳು. "ನಮ್ಮವರು ಎಲ್-ಶೇಪ್ ಸೋಫಾ ತಗೊಳ್ಳೋಣ ಅಂತ ಕಬ್ಸೇ ಹೇಳ್ತಾ ಇದ್ರು. ನಾನೇ ರುಕೋ, ಸ್ವಲ್ಪ ತಡೀರಿ ಅಂತಿದ್ದೆ."

ಡ್ರಾಯರಿನಿಂದ ಅಳತೆಯ ಟೇಪು ಬಂತು. ಪ್ರಣೀತಾ ಹಾಲಿನ ಮೂಲೆಗೆ ನಡೆದು, ಮಡಚಿಟ್ಟಿದ್ದ ಎರಡು ಹಾಸಿಗೆಗಳನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ವಸಂತಣ್ಣ, ಒಂಚೂರು ಆ ತುದಿ ಹಿಡೀತೀರಾ? ಗೋಡೆಗೆ ಸರಿಯಾಗಿ, ಹಾಂ, ಅಲ್ಲೇ."

ವಸಂತಕುಮಾರ ಪೇಡೆಯನ್ನು ಎಡಗೈಗೆ ದಾಟಿಸಿದ. ಬಗ್ಗಿ, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಗೋಡೆಯ ಬುಡಕ್ಕೆ ಒತ್ತಿ ಹಿಡಿದ. ಹಳದಿ ಟೇಪು ಹಾಲಿನ ಉದ್ದಕ್ಕೂ ಬಿಚ್ಚಿಕೊಳ್ಳುತ್ತ ಹೋಯಿತು. ಅದು ತನ್ನ ಪಾದದ ಬಳಿಗೆ ಬಂದಾಗ ಸ್ವರ್ಣಲತಾ ಕಾಲು ತೆಗೆದು ಅದಕ್ಕೆ ದಾರಿ ಬಿಟ್ಟಳು.