ಟೆರೇಸಿನ ಕಂಬಿಗಳು

ದೀಪೇಶನ ಒಂದು ಕೈಯಲ್ಲಿ ಟಾರ್ಪಾಲಿನ ಹಗ್ಗ, ಇನ್ನೊಂದರಲ್ಲಿ ಫೋನು. ಬಜಪೆಯ ಆ ಅಂಗಳದಲ್ಲಿ ಜನ ಸುಡುಬಿಸಿಲಿಗೆ ನಿಂತಿದ್ದರು. ಒಳಗೆ ಉಮರಬ್ಬರ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಇಂಥ ಹೊತ್ತಿನಲ್ಲೂ ಬಂದರಿನ ಮೀನು ವ್ಯಾಪಾರಿ ವಾಸು ಬಿಡಬೇಕಲ್ಲ!

“ಸೋಮವಾರದಿಂದ ಬೋಟು ಬಂದು ನಿಲ್ಲುವ ಮಲ್ಪೆ ದಕ್ಕೆಯಲ್ಲೂ ಮೀನು ಏಲಂ ಶುರು ಮಾಡ್ತೇವೆ. ಸಾಫ್ಟ್‌ವೇರಿಗೆ ಎರಡನೇ ದಕ್ಕೆ ಸೇರಿಸಿ ಕೊಡಿ. ಸುಲಭ ಅಂತ ಉಮರಬ್ಬರು ಹೇಳಿದ್ರು.”

“ಅವರು ತೀರಿಹೋದ್ರು ವಾಸಣ್ಣ. ಅವರ ಮನೆಯಲ್ಲೇ ಇದ್ದೇನೆ.”

“ಅಯ್ಯೋ ದೇವರೇ! ಒಳ್ಳೆ ಜನ ಮಾರಾಯ್ರೆ… ಸೋಮವಾರಕ್ಕೆ ಆಗ್ತದಲ್ಲ?”

ದೀಪೇಶನಿಗೆ ಮೈಯೆಲ್ಲ ಉರಿಯಿತು. ಆಮೇಲೆ ಮಾತಾಡುತ್ತೇನೆಂದು ಫೋನಿಟ್ಟ.

*

ಎರಡು ತಿಂಗಳ ಹಿಂದೆ ಫಳ್ನೀರಿನ ಅವರ ಸಾಫ್ಟ್‌ವೇರ್ ಆಫೀಸಿನಲ್ಲಿ ಇಬ್ಬರಿಗೂ ಜಗಳವಾಗಿತ್ತು. ಹದಿನೈದು ದಿನಕ್ಕೊಮ್ಮೆ ಗಿರಾಕಿಗೆ ಏನಾದರೂ ಮುಗಿಸಿ ತೋರಿಸಬೇಕೆಂಬುದು ಟೀಮಿನ ಮುಖ್ಯಸ್ಥ ದೀಪೇಶನ ಹಟ. ಏಲಂ ಸಾಫ್ಟ್‌ವೇರ್ ಬರೆದ ಹಿರಿಯ ಉಮರಬ್ಬರದು ಹತ್ತು ವರ್ಷ ಮುಂದಿನ ಯೋಚನೆ.

“ದಕ್ಕೆ ಇರುವುದು ಒಂದು. ಹತ್ತಕ್ಕೆ ಯಾಕೆ ಸರ್ ಜಾಗ ಬಿಟ್ಟದ್ದು? ಸಣ್ಣ ಕೆಲಸಕ್ಕೂ ಅಡ್ಡ ಬರ್ತದೆ. ತೆಗೀರಿ.”

“ಮುಂದೆ ಬೇಕಾಗ್ತದೆ ಮಾರಾಯ.”

“ಬೇಕಾದಾಗ ನೋಡುವ!”

ಉಮರಬ್ಬ ಬೇರೆಯವರಿಗೆ ಕೊಡದೆ ಮೂರು ದಿನ ಕೂತು ಆ ಜಾಗವನ್ನು ತಾವೇ ತೆಗೆದರು. ನಿಜ ಹೇಳಬೇಕೆಂದರೆ, ಆಮೇಲೆ ಕೆಲಸ ಸಲೀಸಾಗಿ ಓಡಿತ್ತು. ಈಗ ಹಳೆಯದನ್ನು ಹಾಗೇ ತಂದು ಕೂರಿಸೋಣವೆಂದರೆ ಅದರ ಮೇಲೆ ಎಂಟು ವಾರದ ಹೊಸ ಕೆಲಸ ಕೂತಿದೆ. ಬಿಡಿಸಲು ಗೊತ್ತಿದ್ದವರು ಒಬ್ಬರೇ. ತೆಗೆದ ದಾಖಲೆಯಲ್ಲಿ ಇರುವುದೂ ಅವರದೇ ಹೆಸರು. ತಪ್ಪನ್ನು ಸತ್ತವರ ತಲೆಗೆ ಕಟ್ಟಿದರೆ ಕೇಳುವವರಿಲ್ಲ.

*

“ದೀಪೇಶಣ್ಣ, ಹಗ್ಗ ಬಿಸಾಡಿ!” ಉಮರಬ್ಬರ ಮಗ ರಾಝಿಕ್ ಟೆರೇಸಿನಿಂದ ಕೂಗಿದ.

“ಅಲ್ಲಿ ಕಟ್ಟಲಿಕ್ಕೆ ಎಂತ ಉಂಟು?”

“ಈ ದರಿದ್ರ ಕಂಬಿಗಳು ಉಂಟಲ್ಲ! ಮುಂದೆ ಮಾಳಿಗೆ ಎಬ್ಬಿಸಲಿಕ್ಕೆ ಅಂತ ಬಾಪ ಇಪ್ಪತ್ತು ವರ್ಷದಿಂದ ಬಿಟ್ಟದ್ದು. ಕತ್ತರಿಸುವ ಅಂತ ನಾನು ಎಷ್ಟು ಜಗಳ ಮಾಡಿದ್ದೇನೆ. ಕೇಳಿದ್ರೆ ತಾನೆ?”

ಕಂಬಗಳ ತಲೆಯ ಮೇಲೆ ಆ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ನೆಟ್ಟಗೆ ನಿಂತಿದ್ದವು. ರಾಝಿಕ್ ಬೈಯುತ್ತಲೇ ಹಗ್ಗ ಬಿಗಿದ. ಫೋನು ಮತ್ತೆ ಹೊಡೆದುಕೊಂಡಿತು.

“ಮೂರು ತಿಂಗಳು ಬೇಕು ವಾಸಣ್ಣ,” ಎಂದ ದೀಪೇಶ.

“ಮೂರು ತಿಂಗಳಾ! ಹಾಗಾದ್ರೆ ಉಮರಬ್ಬರು ಸುಳ್ಳು ಹೇಳಿದ್ದಾ?”

ದೀಪೇಶ ಮೇಲಕ್ಕೆ ನೋಡಿದ.

“ಅವರು ಸರಿಯಾಗಿಯೇ ಮಾಡಿಟ್ಟಿದ್ರು. ತೆಗೆಸಿದ್ದು ನಾನು.”

ಮಯ್ಯತ್ತನ್ನು ಹೊರಗೆ ತಂದು ನೆರಳಿನಲ್ಲಿ ಇಳಿಸಿದರು. ಗಾಳಿಗೆ ಟಾರ್ಪಾಲು ಉಬ್ಬಿ ಹಗ್ಗವನ್ನು ಜಗ್ಗಿತು. ಕಂಬಿಗಳು ಅಲುಗಲಿಲ್ಲ.