ಅಳತೆಯಕ್ಕನ ಕೈಮರಗಳು

“ಬಾಗಿಲು ಎಲ್ಲಿದೆ ಅಂತ ತೋರಿಸಿದೀರ ಅಕ್ಕ, ಬೀಗದ ಕೈ ಮಾತ್ರ ನಿಮ್ಮ ಸೊಂಟದಲ್ಲೇ ಇದೆ,” ಎಂದಳು ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತುವ ಹುಡುಗಿ.

ಅಳತೆಯಕ್ಕ ಕತ್ತರಿ ಕೆಳಗಿಟ್ಟು ಅವಳ ಮುಖ ನೋಡಿದಳು. ನೋಯುವ ಕಾಲಿಗೆ ಹೇಳಿ ಮಾಡಿಸಿದ ಚಪ್ಪಲಿ, ಬೂಟು ಹೊಲಿಯುವ ಆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಪಾದ ಅಳೆಯುವವಳು, ಅದಕ್ಕೆ ತಕ್ಕ ಕಾಗದದ ನಕ್ಷೆ ಕತ್ತರಿಸುವವಳು ಅವಳೇ. ಹಳೆಯ ಅಳತೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಎಲ್ಲರೂ ನೋಡುವ ಆನ್‌ಲೈನ್ ಡ್ರೈವಿನಲ್ಲಿ ಇಡಬೇಕು ಎಂದು ಮಾಲೀಕರು ಹೇಳಿದಾಗಿನಿಂದ ಮೂರು ತಿಂಗಳು ಒಂದೊಂದನ್ನೇ ಫೋಟೊ ಹೊಡೆದು ಏರಿಸಿದ್ದಳು. ಮುಗಿಯಿತು ಎಂದು ನಿಟ್ಟುಸಿರು ಬಿಟ್ಟದ್ದು ಸೋಮವಾರ. ಅಂದಿನಿಂದ ಅವಳ ಫೋನು ಜೀರುಂಡೆಯ ಹಾಗೆ ಗುಂಯ್‌ಗುಡುತ್ತಿತ್ತು. ಯಾರು ಯಾವ ಫೈಲು ತೆರೆಯಲು ಹೋದರೂ ‘ಅನುಮತಿ ಕೊಡಿ’ ಎಂಬ ಕೋರಿಕೆ ಅವಳಿಗೇ ಬರುತ್ತಿತ್ತು.

ಬೇರೆ ವಾರವಾಗಿದ್ದರೆ ಅದೂ ಒಂದು ಸಂಭ್ರಮವೇ. ಆದರೆ ಶನಿವಾರ ಬೆಳಿಗ್ಗೆ ತಂಗಿಯ ಜೊತೆ ಸಮುದ್ರ ನೋಡಲು ಹತ್ತು ದಿನ ಹೊರಡಬೇಕಿತ್ತು. ಈ ಪ್ರಯಾಣ ಎರಡು ಸಲ ಮುರಿದುಬಿದ್ದಿತ್ತು. ಎರಡನೇ ಸಲವಂತೂ ಬಸ್ಸು ಹತ್ತುವ ಹೊತ್ತಿಗೆ ಅಂಗಡಿಯಿಂದ ಫೋನು ಬಂದು, ಅಳತೆಯಕ್ಕ ಪೆಟ್ಟಿಗೆ ಸಮೇತ ವಾಪಸ್ಸಾಗಿದ್ದಳು. ಸಮುದ್ರ ಇನ್ನೊಂದು ವರ್ಷ ಕಾಯುತ್ತೆ, ನನ್ನ ಮಂಡಿ ಕಾಯಲ್ಲ, ಈ ಸಲ ನೀನು ತಿರುಗಿದರೆ ನಾನು ಒಬ್ಬಳೇ ಹೋಗುತ್ತೇನೆ ಎಂದು ತಂಗಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ತಂಗಿ ಆಡಿದ ಮಾತು ತಪ್ಪುವವಳಲ್ಲ.

ಹುಡುಗಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. “ಡ್ರೈವಲ್ಲಿ ಎರಡು ಜಾಗ ಇದೆ ಅಕ್ಕ. ಒಂದು ನಿಮ್ಮ ಸ್ವಂತದ್ದು, ಮನೇಲಿರೋ ಬೀರು ಇದ್ದ ಹಾಗೆ. ಇನ್ನೊಂದು ತಂಡದ್ದು, ಅಗೋ ಆ ದೊಡ್ಡ ಕಪಾಟಿದ್ದ ಹಾಗೆ. ಅಲ್ಲಿಟ್ಟಿದ್ದು ಯಾರೊಬ್ಬರದ್ದೂ ಅಲ್ಲ, ಎಲ್ಲರದ್ದೂ. ನೀವು ಅಳತೆಗಳನ್ನೆಲ್ಲ ಬೀರುವಲ್ಲಿಟ್ಟು, ಕಪಾಟಲ್ಲಿ ಬರೀ ಶಾರ್ಟ್‌ಕಟ್ ಇಟ್ಟಿದೀರ. ಅದು ಕೈಮರ ಅಷ್ಟೆ. ದಾರಿ ತೋರಿಸುತ್ತೆ, ಒಳಗೆ ಬಿಡಲ್ಲ.”

ಅತ್ತ ಹೊಲಿಗೆ ಯಂತ್ರದ ಹಿಂದಿನಿಂದ ಅಟ್ಟೆಯಣ್ಣ ಕೆಮ್ಮಿದ. ಬೂಟಿನ ತಳದ ಅಟ್ಟೆ ಹೊಲಿಯುವವನು, ಅಳತೆಯಕ್ಕನಷ್ಟೇ ಹಳಬ. “ಹೊರಟೆ ಹೊರಟೆ ಅನ್ನೋ ನೆಂಟರು ಚಪ್ಪಲಿ ಮಾತ್ರ ಮೆಟ್ಟಲ್ಲ ನೋಡು. ನಮ್ಮಕ್ಕಂದೂ ಅದೇ ಕತೆ.”

ಅಳತೆಯಕ್ಕನಿಗೆ ಚುರುಕ್ ಎಂದಿತು. ತಿಳಿಯದೆ ಮಾಡಿದ್ದು ನಿಜ. ಆದರೆ ಫೋನು ಗುಂಯ್ ಎಂದಾಗಲೆಲ್ಲ ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ.

ಸಂಜೆಯೊಳಗೆ ಹುಡುಗಿಯೂ ಅವಳೂ ಸೇರಿ ಎಲ್ಲವನ್ನೂ ಬೀರುವಿನಿಂದ ಕಪಾಟಿಗೆ ಸಾಗಿಸಿದರು. ಆಗ ಇನ್ನೊಂದು ತೊಡಕು ಕಂಡಿತು. ಅಳತೆಯಕ್ಕನ ಫೋಲ್ಡರುಗಳಲ್ಲಿ ಗಿರಾಕಿಗಳ ಹೆಸರೇ ಇರಲಿಲ್ಲ. ‘ಎಡಗಾಲು ಅರ್ಧ ಇಂಚು ಗಿಡ್ಡ’, ‘ಹೆಬ್ಬೆರಳು ಹಟಮಾರಿ’, ‘ಹಿಮ್ಮಡಿ ಹೊರಗೆ ಸವೆಸುವವರು’ ಎಂದು ಅವಳು ವಿಂಗಡಿಸಿದ್ದಳು. ಅವಳಿಗೆ ಜನ ನೆನಪಾಗುವುದೇ ಪಾದದಿಂದ. ಮುಖ ಕಂಡರೆ ಯಾರಪ್ಪ ಇವರು ಎನ್ನುವಳು, ಕಾಲುಚೀಲ ತೆಗೆದರೆ ಮೂರು ತಲೆಮಾರು ಹೇಳುವಳು. ಬೇರೆಯವರಿಗೆ ಇದರಲ್ಲಿ ಒಬ್ಬರನ್ನು ಹುಡುಕುವುದೆಂದರೆ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಅವಳ ಫೋಲ್ಡರುಗಳನ್ನು ಒಡೆಯಲು ಹುಡುಗಿಗೆ ಮನಸ್ಸು ಬರಲಿಲ್ಲ. ಅಕ್ಕನನ್ನು ಕೇಳಿಕೊಂಡು ಒಬ್ಬೊಬ್ಬ ಗಿರಾಕಿಗೂ ಹೆಸರಿನ ಫೋಲ್ಡರು ಮಾಡಿ ಅಳತೆಯನ್ನು ಅದರಲ್ಲಿಟ್ಟಳು. ಆಮೇಲೆ ಹಟಮಾರಿ ಹೆಬ್ಬೆರಳುಗಳ ಫೋಲ್ಡರಿನಲ್ಲಿ ಶಾರ್ಟ್‌ಕಟ್ ಇಟ್ಟಳು. ಈಗ ಕೈಮರ ಸರಿಯಾದ ಕಡೆ ನಿಂತಿದೆ ಅಕ್ಕ, ಇದು ತೋರಿಸೋ ಬಾಗಿಲು ಎಲ್ಲರಿಗೂ ತೆರೆಯುತ್ತೆ ಎಂದಳು. ಉಳಿದದ್ದನ್ನು ಇಬ್ಬರೂ ಗುರುವಾರವೆಲ್ಲ ಕೂತು ಮುಗಿಸಿದರು.

ಮಾಲೀಕರು ಒಂದು ಪರೀಕ್ಷೆ ಇಟ್ಟರು. ಶುಕ್ರವಾರ ಮಧ್ಯಾಹ್ನದ ತನಕ ಅಳತೆಯಕ್ಕನ ಫೋನು ಡ್ರಾಯರಿನಲ್ಲಿ, ಬಾಯಿಗೆ ಬೀಗ. ಒಂದು ಪ್ರಶ್ನೆಯನ್ನೂ ಕೇಳದೆ ಕೆಲಸ ಸಾಗಿದರೆ ಅವಳು ನೆಮ್ಮದಿಯಾಗಿ ಹೊರಡಬಹುದು.

ಹನ್ನೊಂದಕ್ಕೆ ಬಂದವಳು ಮನೆಮನೆಗೆ ಕಾಗದ ಹಂಚುವ ಅಂಚೆಯಾಕೆ. ಹೊಸ ಬೂಟು ಬೇಕು, ಎಲ್ಲ ಚೆನ್ನಾಗಿದೆ, ಏನೂ ನೋವಿಲ್ಲ ಎಂದಳು. ಹುಡುಗಿ ಹೆಸರು ಒತ್ತಿದಳು, ಅಳತೆ ಬಂತು. ಅಟ್ಟೆಯಣ್ಣ ಅವಳ ಹಳೆಯ ಬೂಟನ್ನು ಮಗುಚಿ ಹಿಮ್ಮಡಿ ನೋಡಿದ. ಹೊರಗಡೆಗೆ ಸವೆದು ಚಂದ್ರನ ತುಣುಕಿನಂತಾಗಿತ್ತು. ಅವನ ಕಣ್ಣು ತಾನಾಗಿಯೇ ಅಳತೆಯಕ್ಕನ ಕಡೆ ಹೊರಳಿತು. ಅವಳು ತುಟಿ ಬಿಗಿಹಿಡಿದು ಚರ್ಮದ ಸುರುಳಿಗಳನ್ನು ಎಣಿಸತೊಡಗಿದಳು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡಿದಳು.

ಅಟ್ಟೆಯಣ್ಣ ತಲೆ ಕೆರೆದುಕೊಂಡ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ, ‘ಹಿಮ್ಮಡಿ ಹೊರಗೆ ಸವೆಸುವವರು’ ಎಂಬುದನ್ನು ತೆರೆದ. ಹನ್ನೊಂದು ಜನ ಸಿಕ್ಕರು. ಮೂರನೆಯವರ ಕಾಗದದ ಅಂಚಿನಲ್ಲಿ ಅಕ್ಕನ ಕೈಬರಹವಿತ್ತು. ಅವನು ಗಟ್ಟಿಯಾಗಿ ಓದಿದ: “ಇಂಥವರು ನೋವು ಹೇಳಿಕೊಳ್ಳುವುದಿಲ್ಲ. ಮೆಟ್ಟಿಲು ಇಳಿಸಿ ನೋಡಿ.”

ಅಂಚೆಯಾಕೆಯನ್ನು ಬಾಗಿಲಾಚೆಯ ಮೂರು ಮೆಟ್ಟಿಲು ಇಳಿಸಿದರು. ಎರಡನೆಯದರಲ್ಲೇ ಅವಳು ಗೋಡೆ ಹಿಡಿದಳು. ಎರಡು ವರ್ಷದಿಂದ ಹೀಗೇ, ಯಾರೂ ಕೇಳಿರಲಿಲ್ಲ ಎಂದು ನಾಚಿಕೊಂಡು ನಕ್ಕಳು. ಅಟ್ಟೆಯಣ್ಣ ಹಿಮ್ಮಡಿಗೆ ಎಷ್ಟು ಏರಿಸಬೇಕೆಂದು ಆ ಮೂರನೆಯವರ ಕಾಗದ ನೋಡಿ ಗುರುತು ಹಾಕಿಕೊಂಡ.

ಅವಳು ಹೋದ ಮೇಲೆ ಮಾಲೀಕರು ಬಂದು, “ಏನಪ್ಪ, ಅಕ್ಕನ್ನ ಕೇಳೋದು ಏನಾದ್ರೂ ಉಳೀತಾ?” ಎಂದರು.

“ಕೇಳೋದೇನು, ಅಕ್ಕ ಆಗಲೇ ಹೇಳಿಟ್ಟಿದಾಳೆ,” ಎಂದ ಅಟ್ಟೆಯಣ್ಣ. “ಹತ್ತು ದಿನ ಯಾಕೆ, ಹದಿನೈದು ದಿನ ಇದ್ದು ಬಾ ಅಕ್ಕ. ಇಲ್ಲಿ ನಿನ್ನ ಕಾಟ ತಪ್ಪಲ್ಲ.”

“ತಪ್ಪಬಾರದು,” ಎಂದಳು ಅಳತೆಯಕ್ಕ.

ಡ್ರಾಯರಿನಿಂದ ಫೋನು ತೆಗೆದಳು. ಕೋರಿಕೆ ಒಂದೂ ಇರಲಿಲ್ಲ. ತಂಗಿಯ ನಾಲ್ಕು ಕರೆ ಮಾತ್ರ. ಅದನ್ನು ಜೇಬಿಗಿಳಿಸಿ, ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಒಂದು ಡಬ್ಬ ಇಳಿಸಿದಳು. ಮರಳಿನಲ್ಲಿ ನಡೆಯಲೆಂದು ಎರಡು ವರ್ಷದ ಹಿಂದೆ ತನಗಾಗಿ ತಾನೇ ಅಳತೆ ತೆಗೆದು ಮಾಡಿಕೊಂಡ ಮೆತ್ತನೆ ಚಪ್ಪಲಿ. ಧೂಳು ಊದಿ, ಕಾಲಿಗೆ ಮೆಟ್ಟಿ, ಅಂಗಡಿಯ ಆ ಮೂಲೆಯಿಂದ ಈ ಮೂಲೆಗೆ ಒಮ್ಮೆ ನಡೆದು ನೋಡಿದಳು.